ಅಪ್ಪನ ಹಲ್ಲು ಒಂದೊಂದೇ ಅಲ್ಲಾಡ್ತಿದೆ, ಶುಗರ್ 386 ಬಂದಿದೆ. ಎರಡಕ್ಕೂ ಸಂಬಂಧ ಇದ್ಯಾ?

ಸಕಲೇಶಪುರದ ಮಗಳು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮಪ್ಪಂಗೆ 59 ವರ್ಷ, ಸಕಲೇಶಪುರದ ಹತ್ರ ಒಂದು ಕಾಫಿ ತೋಟದಲ್ಲಿ ರೈಟರು. ಶುಗರ್ ಅಂತ ಗೊತ್ತಾಗಿ ಒಂಬತ್ತು ವರ್ಷ ಆಯ್ತು. ಮಾತ್ರೆ ಇದೆ, ಆದ್ರೆ ಕೊಯ್ಲು ಶುರುವಾಯ್ತು ಅಂದ್ರೆ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೋರು ಸಂಜೆ ಹಣ್ಣು ತೂಕ ಹಾಕಿಸಿ ಲೆಕ್ಕ ಬರೆದು ಬರೋ ಹೊತ್ತಿಗೆ ಏಳಾಗಿರುತ್ತೆ, ಮಾತ್ರೆ ತಗೊಂಡ ದಿನಕ್ಕಿಂತ ಮರೆತ ದಿನವೇ ಜಾಸ್ತಿ, ನಡುವೆ ನಾಲ್ಕೈದು ಸಲ ಬೆಲ್ಲದ ಕಾಫಿ. ತಲೆ ಸುತ್ತಿಲ್ಲ, ಕಾಲಲ್ಲಿ ಗಾಯ ಇಲ್ಲ ಅಂದ್ಮೇಲೆ ಶುಗರ್ ಕಂಟ್ರೋಲಲ್ಲೇ ಇದೆ ಅನ್ನೋದು ಅವರ ಲೆಕ್ಕ.

ಎರಡು ವರ್ಷದ ಹಿಂದೆ ಕೆಮ್ಮು ಅಂತ ಬೀಡಿ ಬಿಟ್ರು. ಅದಾಗಿ ಸ್ವಲ್ಪ ದಿನಕ್ಕೆ ಹಲ್ಲುಜ್ಜುವಾಗ ರಕ್ತ, ಆಮೇಲೆ ಬೆಳಿಗ್ಗೆ ಎದ್ರೆ ದಿಂಬಿನ ಕವರ್ ಮೇಲೆ ಒಂದು ರೂಪಾಯಿ ಅಗಲ ಕಂದು ಕಲೆ. ಅಮ್ಮ ಉಷ್ಣ ಆಗಿದೆ ಅಂತ ಮಜ್ಜಿಗೆ ಕೊಟ್ಟು ಕವರ್ ಒಗೆದು ಹಾಕ್ತಿದ್ರು. ಅಪ್ಪ ಬೀಡಿ ಬಿಟ್ಟಿದ್ದಕ್ಕೇ ಹಿಂಗಾಯ್ತು ಅಂತ ಎಲ್ರಿಗೂ ಹೇಳ್ಕೊಂಡು ಬಂದ್ರು. ಈಗ ಕೆಳಗಿನ ಮುಂದಿನ ನಾಲ್ಕು ಹಲ್ಲೂ ಅಲ್ಲಾಡ್ತವೆ. ಅಕ್ಕಿ ರೊಟ್ಟಿ ಅಂದ್ರೆ ಪ್ರಾಣ ಬಿಡ್ತಿದ್ದೋರು ಈಗ ರೊಟ್ಟೀನ ಸಾರಲ್ಲಿ ನೆನೆಸಿ, ಬಾಯಿಯ ಒಂದೇ ಪಕ್ಕದಲ್ಲಿ ಇಟ್ಕೊಂಡು ನುಂಗ್ತಾರೆ. ಊಟದ ಮಧ್ಯೆ ನಾಲಿಗೆಯಿಂದ ಆ ಹಲ್ಲನ್ನ ಒಳಗಿಂದ ಹೊರಗೆ ತಳ್ಳಿ ನೋಡ್ತಾ ಇರ್ತಾರೆ, ನನಗೆ ಅದನ್ನ ನೋಡೋಕಾಗಲ್ಲ.

ಹೋದ ತಿಂಗಳು ಬಲಗಡೆ ದವಡೆ ಹಲ್ಲು ಎರಡು ತೀರಾ ನೋವು ಅಂತ ಒಂದು ಕ್ಲಿನಿಕ್ಕಲ್ಲಿ ಕೀಳಿಸ್ಕೊಂಡು ಬಂದ್ರು. ಶುಗರ್ ಇದ್ಯಾ ಅಂತ ಅವರು ಕೇಳಲಿಲ್ಲ, ಇವರೂ ಹೇಳಲಿಲ್ಲ. 18 ದಿನ ಆದ್ರೂ ಗಾಯ ಮುಚ್ಚಲಿಲ್ಲ, ಬಾಯಿ ವಾಸನೆ, ಕೆನ್ನೆ ಊದಿಕೊಳ್ತು, ಜ್ವರ. ಹಾಸನಕ್ಕೆ ಕರ್ಕೊಂಡು ಬಂದು ನೋಡಿಸಿದ್ರೆ ಶುಗರ್ 386, ಎಚ್‌ಬಿಎ1ಸಿ 11.4, ಅದು ಎರಡು ಮೂರು ತಿಂಗಳ ಸರಾಸರಿ ಶುಗರ್ ಲೆಕ್ಕವಂತೆ. ಈಗ ಇನ್ಸುಲಿನ್ ಶುರು ಮಾಡಿದ್ದಾರೆ, ಊತ ಇಳಿದಿದೆ. ಉಳಿದ ಹಲ್ಲನ್ನಾದ್ರೂ ಉಳಿಸ್ಕೋಬಹುದಾ? ಇದು ಶುಗರ್‌ನಿಂದಾನಾ ವಯಸ್ಸಿಂದಾನಾ? ಗೊತ್ತಿರೋರು ದಯವಿಟ್ಟು ಹೇಳಿ.

ಅರಸೀಕೆರೆ ತೆಂಗು

ತಂಗಿ ಹೆದರಬೇಡಮ್ಮ. ಅರವತ್ತಕ್ಕೆ ಹಲ್ಲು ಅಲ್ಲಾಡೋದು ಇದ್ದಿದ್ದೇ. ನಮ್ಮ ತಾತ ಕೊನೇವರ್ಗೂ ಬೇವಿನ ಕಡ್ಡಿಲೇ ಉಜ್ತಿದ್ದಿದ್ದು, 80 ಆದ್ರೂ ಕಬ್ಬು ಸಿಗೀತಿದ್ರು. ಬೆಳಿಗ್ಗೆ ಬೇವಿನ ಕಡ್ಡಿ, ರಾತ್ರಿ ಉಪ್ಪು ನೀರು ಮುಕ್ಕಳಿಸೋದು, ನೋವಿದ್ರೆ ಹತ್ತೀಲಿ ಲವಂಗದ ಎಣ್ಣೆ. ನಂಗೂ ಈಗೊಂದು ವರ್ಷದಿಂದ ಉಜ್ಜುವಾಗ ರಕ್ತ ಬತ್ತದೆ, ಇದನ್ನೇ ಮಾಡ್ಕಂಡು ಇದೀನಿ, ಏನೂ ಆಗಿಲ್ಲ.

ಹಾಸನದ ಹಲ್ಲು ಡಾಕ್ಟ್ರು

ಮೊದಲು ಮಗಳಿಗೆ. ಉಳಿಸಿಕೊಳ್ಳಬಹುದು, ಎಲ್ಲವನ್ನೂ ಅಲ್ಲದೇ ಇದ್ರೂ ಬಹಳಷ್ಟನ್ನ. ಇದು ಬರೀ ವಯಸ್ಸಿನಿಂದ ಆಗಿದ್ದಲ್ಲ. ವಯಸ್ಸಾಯ್ತು ಅಂತ ಆರೋಗ್ಯವಾಗಿರೋ ವಸಡು ತಾನಾಗೇ ಹಲ್ಲು ಬಿಡಲ್ಲ.

ಏನಾಗುತ್ತೆ ಅಂದ್ರೆ, ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ರೆ ಸಣ್ಣ ಸಣ್ಣ ರಕ್ತನಾಳಗಳ ಗೋಡೆ ದಪ್ಪ ಆಗುತ್ತೆ. ಕಣ್ಣಲ್ಲಿ, ಕಿಡ್ನೀಲಿ ಆಗೋ ಅದೇ ಹಾಳು ವಸಡಲ್ಲೂ ಆಗುತ್ತೆ. ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣ ಸರಿಯಾಗಿ ಕೆಲಸ ಮಾಡಲ್ಲ, ಗಾಯ ಮಾಯಿಸೋಕೆ ಬೇಕಾದ ಕೊಲಾಜೆನ್ ಕಟ್ಟೋದಕ್ಕಿಂತ ಜಾಸ್ತಿ ಕರಗುತ್ತೆ. ಹಲ್ಲಿನ ಬುಡದಲ್ಲಿ ಕೂತ ಪಾಚಿ ಎಲ್ರ ಬಾಯಲ್ಲೂ ಇರೋದೇ, ಆದ್ರೆ ಶುಗರ್ ಹದದಲ್ಲಿಲ್ಲದವರ ಮೈ ಆ ಪಾಚಿಗೆ ವಿಪರೀತವಾಗಿ ಉರಿದು, ಹಲ್ಲು ಹಿಡಿದಿರೋ ಮೂಳೆಯನ್ನೇ ತಿಂದು ಹಾಕುತ್ತೆ. ಹಲ್ಲು ಚೆನ್ನಾಗೇ ಇರುತ್ತೆ, ಹುಳುಕೂ ಇರಲ್ಲ, ನಿಂತಿರೋ ನೆಲವೇ ಕುಸಿದಿರುತ್ತೆ. ಅದಕ್ಕೇ ನೋವು ಇಲ್ದೇನೇ ಅಲ್ಲಾಡೋದು. 1993ರಲ್ಲೇ ಹ್ಯಾರಾಲ್ಡ್ ಲೋ ಅನ್ನೋ ವಸಡಿನ ತಜ್ಞರು ಇದನ್ನ ಸಕ್ಕರೆ ಕಾಯಿಲೆಯ ಆರನೇ ತೊಡಕು ಅಂತ ಬರೆದ್ರು. ಕಣ್ಣು, ಕಿಡ್ನಿ, ನರ, ದೊಡ್ಡ ರಕ್ತನಾಳ, ಮಾಯದ ಗಾಯ ಇವೆಲ್ಲ ಆದ್ಮೇಲೆ ವಸಡು. ಆದ್ರೂ ಶುಗರ್ ಇರೋರು ಕಣ್ಣು ತೋರಿಸ್ತಾರೆ, ಪಾದ ತೋರಿಸ್ತಾರೆ, ಬಾಯಿ ಮಾತ್ರ ಯಾರೂ ತೋರಿಸಲ್ಲ. ನನಗೆ ದಿನಾ ಬೇಜಾರಾಗೋದು ಇದೇ.

ಬೀಡಿ ವಿಷಯ ಎಲ್ರೂ ಗಮನಿಸಿ. ಬೀಡಿ ಬಿಟ್ಟಿದ್ದಕ್ಕೆ ಕಾಯಿಲೆ ಬಂದಿದ್ದಲ್ಲ. ಹೊಗೆ ವಸಡಿಗೆ ರಕ್ತ ಹರಿಯೋದನ್ನ ಕಮ್ಮಿ ಮಾಡಿ ಕಾಯಿಲೆ ಮುಚ್ಚಿಟ್ಟಿರುತ್ತೆ, ಬಿಟ್ಟ ಮೇಲೆ ರಕ್ತ ಓಡಾಟ ಸರಿಹೋಗಿ ಒಳಗಿದ್ದ ಸೋಂಕು ಹೊರಗೆ ಕಾಣಿಸ್ಕೊಳುತ್ತೆ. ಅಪ್ಪ ಬೀಡಿ ಬಿಟ್ಟಿದ್ದು ಅವರ ಹಲ್ಲಿಗೆ ಮಾಡಿದ ದೊಡ್ಡ ಉಪಕಾರ ಅಂತ ಹೇಳಿ. ದಯವಿಟ್ಟು ಮತ್ತೆ ಶುರು ಮಾಡೋಕೆ ಬಿಡಬೇಡಿ.

ಇನ್ನೊಂದು, ಇದು ಎರಡೂ ಕಡೆಯಿಂದ ನಡೆಯೋ ಕಾಯಿಲೆ. ಶುಗರ್ ವಸಡು ಕೆಡಿಸುತ್ತೆ, ವಸಡಿನ ಕೀವು ಶುಗರ್ ಏರಿಸುತ್ತೆ. 2022ರಲ್ಲಿ ಕಾಕ್ರೇನ್ ಸಂಸ್ಥೆ 35 ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ, ವಸಡಿಗೆ ಚಿಕಿತ್ಸೆ ಆದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.43ರಷ್ಟು ಇಳಿದಿತ್ತು. ಅಂಕಿ ಚಿಕ್ಕದು ಅನ್ಸುತ್ತೆ. ಆದ್ರೆ ಬಾಯಿ ಕ್ಲೀನ್ ಮಾಡಿದ್ದಕ್ಕೇ ಇಷ್ಟು ಇಳಿಯುತ್ತೆ ಅಂದ್ರೆ ಅದು ಸಣ್ಣದಲ್ಲ ಕಣಮ್ಮ.

ಈಗ ಮಾಡಬೇಕಾದ್ದು: ಫಿಸಿಷಿಯನ್ ಹೇಳಿದಂಗೆ ಶುಗರ್ ಇಳಿಸಿ, ಜೊತೆಜೊತೆಗೇ ವಸಡಿನ ಡಾಕ್ಟರಿಗೆ ತೋರಿಸಿ. ಪೂರ್ತಿ ಕಂಟ್ರೋಲಿಗೆ ಬರಲಿ ಅಂತ ವಸಡು ಕ್ಲೀನ್ ಮಾಡ್ಸೋದನ್ನ ಮುಂದಕ್ಕೆ ಹಾಕಬೇಡಿ. ಹಲ್ಲು ಕೀಳೋದು, ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಕೂರಿಸಿ ಕಟ್ಟೋ ಹಲ್ಲು) ಇಂಥವು ಮಾತ್ರ ಶುಗರ್ ಹದಕ್ಕೆ ಬಂದ ಮೇಲೆ. ವಿದ್ಯಾನಗರದ ಹಾಸನಾಂಬ ಡೆಂಟಲ್ ಕಾಲೇಜಿಗೂ ಹೋಗಬಹುದು, ಕಾಲೇಜುಗಳಲ್ಲಿ ವಸಡಿಗೇ ಅಂತ ಬೇರೆ ವಿಭಾಗ ಇರುತ್ತೆ, ಖರ್ಚೂ ಕಮ್ಮಿ.

ಅರಸೀಕೆರೆ ಅಣ್ಣ, ಉಪ್ಪು ನೀರು ಒಳ್ಳೇದೇ. ಲವಂಗದ ಎಣ್ಣೆ ನೋವು ಮರೆಸುತ್ತೆ ಅಷ್ಟೇ, ಜಾಸ್ತಿ ಹಚ್ಚಿದ್ರೆ ವಸಡು ಸುಡುತ್ತೆ. ತಾತ ಬೇವಿನ ಕಡ್ಡಿ ಹಿಡಿದಿದ್ದು ಹೌದು, ತಾತಂಗೆ ಶುಗರ್ ಇತ್ತಾ? ಒಂದು ವರ್ಷದಿಂದ ರಕ್ತ ಬರ್ತಿದೆ ಅಂದ್ರಲ್ಲ, ಒಂದು ಸಲ ಖಾಲಿ ಹೊಟ್ಟೇಲಿ ಶುಗರ್ ಚೆಕ್ ಮಾಡ್ಸಿ. ತಮಾಷೆ ಮಾಡ್ತಿಲ್ಲ.

ಕಡೂರು ಹುಡುಗ

ಡಾಕ್ಟ್ರೇ ಬೇಜಾರು ಮಾಡ್ಕೋಬೇಡಿ, ಕ್ಲೀನಿಂಗ್ ಮಾಡ್ಸಿದ್ಮೇಲೇ ಹಲ್ಲು ಸಡಿಲ ಆಗೋದು ಅಂತ ನಮ್ಮನೇಲಿ ಎಲ್ರೂ ಹೇಳ್ತಾರೆ. ನಮ್ಮ ದೊಡ್ಡಮ್ಮಂಗೆ ಹಂಗೇ ಆಯ್ತು, ಮಾಡ್ಸೋಕೆ ಮುಂಚೆ ಗಟ್ಟಿ ಇತ್ತು, ಮಾಡ್ಸಿದ ವಾರಕ್ಕೆ ಅಲ್ಲಾಡೋಕೆ ಶುರು, ಹಲ್ಲು ಹಲ್ಲಿನ ನಡುವೆ ಸಂದಿ ಬೇರೆ. ಅದಕ್ಕೆ ನಮ್ಮಮ್ಮ ಈಗ ಬಾಯಿ ಬಿಡೋಕೂ ಒಪ್ಪಲ್ಲ. ದುಡ್ಡೂ ಹೋಯ್ತು ಹಲ್ಲೂ ಹೋಯ್ತು ಅಂತಾರೆ.

ಹಾಸನದ ಹಲ್ಲು ಡಾಕ್ಟ್ರು

ಈ ಪ್ರಶ್ನೆ ಕೇಳದೇ ಇರೋ ಮನೆಯೇ ಇಲ್ಲ, ಕೇಳಿದ್ದು ಒಳ್ಳೇದಾಯ್ತು. ವರ್ಷಾನುಗಟ್ಟಲೆ ಪಾಚಿ ಗಟ್ಟಿಯಾಗಿ ಹಲ್ಲಿನ ಹಿಂದೆ ಕಲ್ಲಿನಂಗೆ ಕೂತಿರುತ್ತೆ. ಒಳಗೆ ಮೂಳೆ ಕರಗಿ ಹೋಗಿರುತ್ತೆ, ಆದ್ರೆ ಆ ಕಲ್ಲೇ ಗಾರೆ ಹಾಕಿದಂಗೆ ಹಲ್ಲುಗಳನ್ನ ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತೆ. ಕಲ್ಲು ತೆಗೆದಾಗ ನಿಜ ಸ್ಥಿತಿ ಕಾಣುತ್ತೆ. ಸಂದಿಯೂ ಅಷ್ಟೇ, ಊದಿದ್ದ ವಸಡು ಇಳಿದಾಗ ಮೊದಲೇ ಇದ್ದ ಸಂದಿ ಹೊರಗೆ ಬರುತ್ತೆ. ಮೂಳೆ ಹೋಗೋಕೆ ಮುಂಚೆ ಬಂದಿದ್ರೆ ದೊಡ್ಡಮ್ಮಂಗೆ ಹಾಗೆ ಆಗ್ತಿರಲಿಲ್ಲ. ನಮ್ಮ ಕಡೆಯ ತಪ್ಪೂ ಇದೆ, ಇದನ್ನ ಕೆಲಸ ಶುರು ಮಾಡೋಕೆ ಮುಂಚೆ ಕೂರಿಸಿ ಹೇಳಬೇಕು, ಎಷ್ಟೋ ಕಡೆ ಹೇಳಲ್ಲ.

ನಿವೃತ್ತ ಟೀಚರ್, ಚಿಕ್ಕಮಗಳೂರು

ನನ್ನದೂ ಸ್ವಲ್ಪ ಬರೀತೀನಿ, ವಸಡು ಬಿಟ್ಟು ಬೇರೆ ತರಹದ್ದು. ನನಗೆ 66, ಶುಗರ್ 15 ವರ್ಷದಿಂದ. ಮೂರು ವರ್ಷದ ಹಿಂದೆ ಬಾಯಿ ಒಣಗೋಕೆ ಶುರುವಾಯ್ತು. ಒಣಗೋದು ಅಂದ್ರೆ ಬಾಯಾರಿಕೆ ಅಲ್ಲ, ರಾತ್ರಿ ಎಚ್ಚರ ಆದ್ರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರೋದು, ಬಿಡಿಸ್ಕೊಳೋಕೆ ನೀರು ಬೇಕು. ಒಗ್ಗರಣೆ ಖಾರ ಸ್ವಲ್ಪ ತಗುಲಿದ್ರೆ ಬೆಂಕಿ ಇಟ್ಟಂಗೆ. ನಾನು ಮಾಡಿದ ತಪ್ಪು ಏನು ಗೊತ್ತಾ, ಬಾಯಿ ತೇವ ಇರಲಿ ಅಂತ ಕಲ್ಲುಸಕ್ಕರೆ ಚೀಪ್ತಾ ಇದ್ದೆ, ದಿನಾ, ಆರೇಳು ತಿಂಗಳು. ಹಲ್ಲಿನ ಬುಡಕ್ಕೆ, ವಸಡು ಸರಿದ ಜಾಗದಲ್ಲಿ, ಸುತ್ತಲೂ ಹುಳುಕು ಹಿಡೀತು. ಎಂಜಲು ಕಮ್ಮಿ ಆದ್ರೆ ಹಲ್ಲನ್ನ ತೊಳೆಯೋರೇ ಇರಲ್ಲ, ಅದರ ಮೇಲೆ ಸಕ್ಕರೆ ಅಂದ್ರೆ ಹೇಳೋದೇ ಬೇಡ ಅಂದ್ರು ಡಾಕ್ಟ್ರು.

ಐದು ಹಲ್ಲು ತೆಗೆಸಿ ಸೆಟ್ ಹಾಕಿಸ್ಕೊಂಡೆ. ಆ ಸೆಟ್ಟನ್ನ ರಾತ್ರಿಯೂ ತೆಗೀತಿರಲಿಲ್ಲ. ಸೆಟ್ಟಿನ ಕೆಳಗೆ ಅಂಗುಳ ಪೂರ್ತಿ ಕೆಂಪಗೆ, ತುಟಿ ಮೂಲೆ ಸೀಳು, ನಾಲಿಗೆ ಮೇಲೆ ಮೊಸರಿನಂಗೆ ಬಿಳಿ. ಫಂಗಸ್. ಆಗ ನನ್ನ ಎಚ್‌ಬಿಎ1ಸಿ 10 ದಾಟಿತ್ತು. ಔಷಧಿ ಹಾಕಿದ್ರೆ ಹೋಗೋದು, ತಿಂಗಳಿಗೆ ಮತ್ತೆ ಬರೋದು. ಶುಗರ್ ಇಳಿದ ಮೇಲೇ ಪೂರ್ತಿ ಹೋಗಿದ್ದು. ಈಗ ಮಲಗುವಾಗ ಸೆಟ್ ತೆಗೆದು ಉಜ್ಜಿ ನೀರಲ್ಲಿ ಹಾಕಿಡ್ತೀನಿ, ಫ್ಲೋರೈಡ್ ಇರೋ ಪೇಸ್ಟೇ ಬಳಸ್ತೀನಿ, ಹತ್ರ ಒಂದು ಬಾಟಲ್ ನೀರು ಇಟ್ಕೊಂಡು ಆಗಾಗ ಗುಟುಕು. 2021ರಲ್ಲಿ ಕೋವಿಡ್ ಆದವರಿಗೆ ಬ್ಲ್ಯಾಕ್ ಫಂಗಸ್ ಬಂತಲ್ಲ, ಶುಗರ್ ಇದ್ದವರಿಗೇ ಹೆಚ್ಚು, ಎಷ್ಟೋ ಜನಕ್ಕೆ ಮೇಲಿನ ಹಲ್ಲು ಇದ್ದಕ್ಕಿದ್ದಂಗೆ ಅಲ್ಲಾಡಿದ್ದೇ ಮೊದಲ ಸೂಚನೆ. ನನ್ನ ಫಂಗಸ್ ಅದಲ್ಲ, ಬೇರೆ ಜಾತಿ, ಸಾಧಾರಣದ್ದು. ಆದ್ರೆ ಬಾಯಲ್ಲಿ ಬಿಳಿ ಕಂಡ ದಿನ ನಾನು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ.

ಫಾರ್ಮಸಿಸ್ಟ್, ಬೇಲೂರು

ಕೌಂಟರ್ ಹಿಂದೆ ನಿಂತು 20 ವರ್ಷದಿಂದ ನೋಡ್ತಿರೋದು ಹೇಳ್ತೀನಿ. ಸಂತೆ ದಿನ ಬಂದು ಹಲ್ಲು ನೋವಿಗೆ ಎರಡು ಮಾತ್ರೆ ಕೊಡಿ ಅಂತಾರೆ, ಆ ಕಡೆ ಶುಗರ್ ಮಾತ್ರೆಯ ಚೀಟಿಯೂ ಅದೇ ಜೇಬಲ್ಲಿ ಇರುತ್ತೆ. ಶುಗರ್ ಇರೋರು ನೋವಿನ ಮಾತ್ರೆ ವಾರಗಟ್ಟಲೆ ನುಂಗಿದ್ರೆ ಕಿಡ್ನಿಗೆ ಪೆಟ್ಟು, ಮೊದಲೇ ಶುಗರ್ ಕಿಡ್ನಿ ಮೇಲೆ ಕೂತಿರುತ್ತೆ. ಆಂಟಿಬಯಾಟಿಕ್ ಎರಡು ದಿನ ತಗೊಂಡು ನೋವು ಹೋಯ್ತು ಅಂತ ಬಿಟ್ರೆ ಕೀವು ಅಲ್ಲೇ ಕೂತಿರುತ್ತೆ. ನಾನು ಚೀಟಿ ಇಲ್ದೆ ಕೊಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ, ಆದ್ರೂ ಕೊಡಲ್ಲ.

ಇನ್ನೊಂದು ಯಾರಿಗೂ ಗೊತ್ತಿರಲ್ಲ. ಬಿಪಿಗೆ ಅಮ್ಲೋಡಿಪಿನ್ ತಗೊಳೋ ಕೆಲವರಿಗೆ ವಸಡು ದಪ್ಪಗೆ ಬೆಳೆದು ಹಲ್ಲಿನ ಮೇಲೆ ಬರುತ್ತೆ. ಶುಗರ್ ಬಿಪಿ ಎರಡೂ ಇರೋರು ವಸಡು ಊದಿದ್ರೆ ಯಾವ ಮಾತ್ರೆ ತಗೋತಿದೀವಿ ಅಂತ ಡಾಕ್ಟ್ರಿಗೆ ಪಟ್ಟಿ ತೋರಿಸಿ. ನೀವೇ ಮಾತ್ರೆ ನಿಲ್ಲಿಸಬೇಡಿ.

ಮೂಡಿಗೆರೆ ಸಿಸ್ಟರ್

ಮಗಳೇ, ನಿಮ್ಮಪ್ಪನ ಕಥೆ ಓದಿ ನಮ್ಮ ಕಡೆ ತೋಟದ ಲೈನ್ ಮನೆಗಳೇ ಕಣ್ಮುಂದೆ ಬಂತು. ಎಲೆಅಡಿಕೆ ಜೊತೆ ಕಡ್ಡಿಪುಡಿ, ಮಳೆಗಾಲದಲ್ಲಿ ಚಳಿಗೆ ಅಂತ ಸಕ್ಕರೆ ಹಾಕಿದ ಟೀ, ದಿನಗೂಲಿ ಹೋಗುತ್ತೆ ಅಂತ ಆಸ್ಪತ್ರೆಗೆ ಬರೋದೇ ಇಲ್ಲ. ನಾವು ಕ್ಯಾಂಪಿಗೆ ಹೋದಾಗ ಬೆರಳು ಚುಚ್ಚಿ ನೋಡಿದ್ರೆ 300, 350 ಬರುತ್ತೆ, ಮೈಯಲ್ಲಿ ಏನೂ ತೊಂದರೆ ಇಲ್ಲ ಅಂತಾರೆ. ಬಾಯಿ ತೆಗೆಸಿದ್ರೆ ಗೊತ್ತಾಗುತ್ತೆ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆ ಪ್ರಕಾರ ದೇಶದಲ್ಲಿ 10 ಕೋಟಿಗೂ ಮೀರಿ ಜನಕ್ಕೆ ಶುಗರ್ ಇದೆ, ಅದರಲ್ಲಿ ಎಷ್ಟು ಜನ ಒಂದು ಸಲನಾದ್ರೂ ಹಲ್ಲಿನ ಡಾಕ್ಟ್ರ ಮುಂದೆ ಬಾಯಿ ಬಿಟ್ಟಿರ್ತಾರೆ ನೀವೇ ಯೋಚ್ನೆ ಮಾಡಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಶುಗರ್ ಬಿಪಿಯಂಥ ಅಂಟದ ಕಾಯಿಲೆ ನೋಡೋ ಎನ್‌ಸಿಡಿ ಕ್ಲಿನಿಕ್ಕಲ್ಲಿ 30 ದಾಟಿದ ಎಲ್ರಿಗೂ ಬಿಪಿ ಶುಗರ್ ಉಚಿತವಾಗಿ ನೋಡ್ತಾರೆ, ಮಾತ್ರೆನೂ ಅಲ್ಲೇ ಸಿಗುತ್ತೆ. ಹಲ್ಲಿನ ಡಾಕ್ಟ್ರು ಅದೇ ಕಟ್ಟಡದಲ್ಲಿ ಇರ್ತಾರೆ, ಒಂದೇ ದಿನ ಎರಡೂ ತೋರಿಸಿ. ಹಲ್ಲೇ ಇಲ್ಲದ ಬಿಪಿಎಲ್ ಕಾರ್ಡಿನ ಹಿರಿಯರಿಗೆ ಹಲ್ಲಿನ ಸೆಟ್ ಕೊಡೋ ಸರ್ಕಾರದ ದಂತಭಾಗ್ಯ ಯೋಜನೆ ಬಗ್ಗೆ ಅಲ್ಲೇ ಕೇಳಿ.

ಒಂದು ಎಚ್ಚರಿಕೆ. ಶುಗರ್ ಇರೋರಿಗೆ ದವಡೆ ಕೆಳಗೆ, ಗಂಟಲ ಕಡೆಗೆ ಊತ ಇಳೀತಾ ಇದ್ರೆ, ನುಂಗೋಕೆ ಆಗ್ತಿಲ್ಲ, ಬಾಯಿ ತೆಗೆಯೋಕೆ ಆಗ್ತಿಲ್ಲ, ಉಸಿರು ಕಟ್ಟಿದಂಗೆ ಆಗ್ತಿದೆ ಅಂದ್ರೆ ಬೆಳಿಗ್ಗೆ ನೋಡೋಣ ಅನ್ನಬೇಡಿ, 108ಕ್ಕೆ ಫೋನ್ ಮಾಡಿ ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಹಲ್ಲಿನ ಕೀವು ಕುತ್ತಿಗೆಗೆ ಇಳಿದ್ರೆ ಗಂಟೆಗಳ ಲೆಕ್ಕ.

ಸಕಲೇಶಪುರದ ಮಗಳು

ಎಲ್ರಿಗೂ ಕೈಮುಗಿದೆ. ನಿನ್ನೆ ಅಪ್ಪನ್ನ ವಸಡಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿದ್ದೆ. ತುದಿಯಲ್ಲಿ ಗೀಟು ಹಾಕಿರೋ ತೆಳ್ಳನೆ ಕಡ್ಡಿ ಒಂದನ್ನ ಹಲ್ಲು ವಸಡಿನ ಮಧ್ಯೆ ಇಳಿಸಿ, ಒಂದೊಂದು ಹಲ್ಲಿಗೂ ಆರು ಕಡೆ ಅಳತೆ ಹೇಳ್ತಾ ಹೋದ್ರು, ಪಕ್ಕದಲ್ಲಿದ್ದ ಹುಡುಗಿ ಬರ್ಕೊಂಡ್ಲು. ಮೂರು ಮಿಲಿಮೀಟರ್ ಒಳಗೆ ಇದ್ರೆ ಒಳ್ಳೆ ವಸಡು ಅಂತ ಮೊದಲೇ ಹೇಳಿದ್ರು. ಐದು, ಆರು, ಆರು, ಏಳು, ಐದು, ಏಳು. ಅಪ್ಪ ಜೀವನಪೂರ್ತಿ ಬೇರೆಯವರ ಲೆಕ್ಕ ಬರೆದೋರು, ಆ ಅಂಕಿ ಕೇಳ್ತಾ ಕೇಳ್ತಾ ಕುರ್ಚಿ ಕೈ ಬಿಗಿಯಾಗಿ ಹಿಡ್ಕೊಂಡ್ರು. ಹೊರಗೆ ಬಂದು "ಇಷ್ಟು ಆಳಕ್ಕೆ ಹೋಗೋವರ್ಗೂ ಒಂದು ಚೂರೂ ನೋವಾಗಿಲ್ವಲ್ಲ ಮಗಾ" ಅಂದ್ರು.

ಡೀಪ್ ಕ್ಲೀನಿಂಗ್ ನಾಲ್ಕು ಸಲ ಬರಬೇಕಂತೆ, ಮರಗಟ್ಟೋ ಇಂಜೆಕ್ಷನ್ ಕೊಟ್ಟು. ಖಾಲಿ ಹೊಟ್ಟೇಲಿ ಬರಬೇಕಾ ಡಾಕ್ಟ್ರೇ?

ಹಾಸನದ ಹಲ್ಲು ಡಾಕ್ಟ್ರು

ಖಂಡಿತ ಬೇಡ. ಬೆಳಗಿನ ಅಪಾಯಿಂಟ್‌ಮೆಂಟ್ ತಗೊಳ್ಳಿ, ಎಂದಿನಂತೆ ತಿಂಡಿ ತಿಂದು, ಇನ್ಸುಲಿನ್, ಮಾತ್ರೆ ಎರಡೂ ಎಂದಿನಂತೆ ತಗೊಂಡೇ ಬರಬೇಕು. ಇನ್ಸುಲಿನ್ ಹಾಕ್ಕೊಂಡು ತಿಂಡಿ ಬಿಟ್ಟು ಬಂದು ಕುರ್ಚಿಯಲ್ಲೇ ಬೆವೆತು ನಡುಗಿದೋರನ್ನ ನೋಡಿದೀನಿ, ಅದು ಲೋ ಶುಗರ್, ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಬೇಕು. ಗ್ಲುಕೋಮೀಟರ್ ಇದ್ರೆ ತನ್ನಿ. ರಕ್ತ ತೆಳುವಾಗಿಸೋ ಮಾತ್ರೆ ಇದ್ರೆ ನೀವಾಗಿ ನಿಲ್ಲಿಸಬೇಡಿ, ಹೇಳಿದ್ರೆ ಸಾಕು. ಮನೇಲಿ ಮೆತ್ತನೆ ಬ್ರಷ್ ಎರಡು ಹೊತ್ತು, ಹಲ್ಲಿನ ಸಂದಿಗೆ ಬಾಟಲ್ ಬ್ರಷ್ ತರಹದ ಪುಟ್ಟ ಬ್ರಷ್ ಸಿಗುತ್ತೆ, ಅದು ಒಂದು ಹೊತ್ತು. ಇದ್ದಿಲು, ಇಟ್ಟಿಗೆ ಪುಡಿ ಮುಟ್ಟಬೇಡಿ. ಹೋದ ಮೂಳೆ ಬಹುತೇಕ ವಾಪಸ್ ಬರಲ್ಲ, ಆದ್ರೆ ಊತ ಇಳಿದ್ರೆ ಅಲ್ಲಾಡೋದು ಎಷ್ಟೋ ಕಮ್ಮಿ ಆಗುತ್ತೆ.

ಅರಸೀಕೆರೆ ತೆಂಗು

ಡಾಕ್ಟ್ರೇ, ನೀವು ಹೇಳಿದ್ಮೇಲೆ ಮನ್ಸು ತಡೀಲಿಲ್ಲ, ಹೋಗಿ ಚೆಕ್ ಮಾಡಿಸ್ದೆ. ಖಾಲಿ ಹೊಟ್ಟೇಲಿ 168. ಇನ್ನೊಂದು ದಿನ ಮಾಡ್ಸಿದ್ರೂ 160ರ ಮೇಲೇ. 126 ದಾಟಿದ್ರೆ ಶುಗರ್ ಅಂತೆ. ನಂಗೆ 47, ಹೊಲದಲ್ಲಿ ದಿನಾ ದುಡಿಯೋನು, ನಂಗೆ ಬರಲ್ಲ ಅಂತಿದ್ದೆ. ಮಾತ್ರೆ ಶುರು ಮಾಡವ್ರೆ. ತಂಗಿ, ಮೊದಲು ನಿಂಗೆ ಹೆದರಬೇಡ ವಯಸ್ಸಾಗಿದ್ದಕ್ಕೆ ಅಂತ ಹೇಳಿದ್ನಲ್ಲ, ಆ ಮಾತು ವಾಪಸ್ ತಗೋತೀನಿ.

ಸಕಲೇಶಪುರದ ಮಗಳು

ಮೂರೂವರೆ ತಿಂಗಳ ಮೇಲೆ ಬರೀತಿದೀನಿ, ಯಾರಾದ್ರೂ ಇದೇ ಕಷ್ಟದಲ್ಲಿ ಹುಡುಕ್ಕೊಂಡು ಬಂದ್ರೆ ಉಪಯೋಗ ಆಗಲಿ ಅಂತ. ಅರಸೀಕೆರೆ ಅಣ್ಣ ಹೇಗಿದೀರಿ? ಮಾತ್ರೆ ಬಿಡಬೇಡಿ.

ಅಪ್ಪನ ಎಚ್‌ಬಿಎ1ಸಿ 7.9 ಆಗಿದೆ. ದಿಂಬಿನ ಕವರ್ ಮೇಲೆ ಕಲೆ ನಿಂತು ಎರಡು ತಿಂಗಳಾಯ್ತು, ಅದನ್ನ ಮೊದಲು ಗಮನಿಸಿದ್ದು ಅಮ್ಮ. ಮರು ಅಳತೆಯಲ್ಲಿ ಏಳು ಇದ್ದ ಕಡೆ ಐದು, ಐದು ಇದ್ದ ಕಡೆ ಬಹುಪಾಲು ಮೂರು ನಾಲ್ಕು. ಕೆಳಗಿನ ಮುಂದಿನ ಹಲ್ಲುಗಳಲ್ಲಿ ಒಂದನ್ನ ಮಾತ್ರ ಉಳಿಸೋಕಾಗಲಿಲ್ಲ, ಕೀಳಲೇಬೇಕಾಯ್ತು. ಅವತ್ತು ಬೆಳಿಗ್ಗೆ ಶುಗರ್ 142 ನೋಡ್ಕೊಂಡೇ ಕಿತ್ರು. ಹೋದ ಸಲ 18 ದಿನ ಬಾಯಿ ತೆರೆದಿದ್ದ ಗಾಯ ನೋಡಿದ್ದವಳು ನಾನು, ಈ ಸಲ ದಿನಾ ಟಾರ್ಚ್ ಹಾಕಿ ನೋಡ್ತಿದ್ದೆ, ಹತ್ತನೇ ದಿನಕ್ಕೆ ತಿಳಿ ಗುಲಾಬಿ ಬಣ್ಣಕ್ಕೆ ಬಂದು ಮುಚ್ಚಿಕೊಂಡಿತ್ತು. ಉಳಿದ ಮೂರನ್ನ ಒಳಗಡೆಯಿಂದ ತಂತಿಯಲ್ಲಿ ಸೇರಿಸಿ ಕಟ್ಟಿದ್ದಾರೆ.

ಮಾತ್ರೆ ಮರೆಯೋದಕ್ಕೆ ಅಪ್ಪನೇ ದಾರಿ ಕಂಡ್ಕೊಂಡ್ರು. ಹಾಳೆ ಹಾಳೆ ಮಾತ್ರೇನ ಚೆಕ್‌ರೋಲ್ ಪುಸ್ತಕದ ಒಳಗೇ ಇಟ್ಕೊಂಡಿದ್ದಾರೆ, ಬೆಳಿಗ್ಗೆ ಆಳುಗಳ ಹಾಜರಿ ಬರೆಯೋಕೆ ಪುಸ್ತಕ ತೆಗೆದ್ರೆ ಮೊದಲು ಕಾಣೋದೇ ಅದು. ತೋಟದಲ್ಲಿ ಇನ್ನೂ ನಾಲ್ಕು ಜನಕ್ಕೆ ಶುಗರ್ ಚೆಕ್ ಮಾಡ್ಸೋಕೆ ಕರ್ಕೊಂಡು ಹೋಗಿದ್ರು. ಬೆಲ್ಲದ ಕಾಫಿ ಬಿಡಿಸೋಕೆ ಮಾತ್ರ ಇನ್ನೂ ಕಷ್ಟ ಪಡ್ತಿದೀವಿ, ದಿನಕ್ಕೆ ಒಂದಕ್ಕೆ ಇಳಿದಿದೆ.

ಒಂದು ಪ್ರಶ್ನೆ ಡಾಕ್ಟ್ರೇ. ಹೋದ ಮೂರು ಹಲ್ಲಿಗೆ ಇಂಪ್ಲಾಂಟ್ ಹಾಕಿಸಬಹುದಾ, ಈಗಲೇ?

ಹಾಸನದ ಹಲ್ಲು ಡಾಕ್ಟ್ರು

ಓದಿ ತುಂಬಾ ಸಂತೋಷ ಆಯ್ತಮ್ಮ. ಇಂಪ್ಲಾಂಟ್ ಈಗಲೇ ಬೇಡ. ಶುಗರ್ ಏರುಪೇರು ಇರೋವಾಗ ಹಾಕಿದ್ರೆ ಮೂಳೆ ಹಿಡಿಯದೇ ಹೋಗೋ ಸಾಧ್ಯತೆ ಜಾಸ್ತಿ. ಎಚ್‌ಬಿಎ1ಸಿ 7ರ ಹತ್ರ ಬಂದು ಒಂದೆರಡು ಟೆಸ್ಟಲ್ಲಿ ಹಾಗೇ ನಿಲ್ಲಲಿ, ವಸಡು ಪೂರ್ತಿ ಒಣಗಲಿ, ಆಮೇಲೆ ಯೋಚನೆ ಮಾಡೋಣ. ಅಲ್ಲಿವರೆಗೆ ತೆಗೆದು ಹಾಕೋ ಸೆಟ್ ಸಾಕು, ರಾತ್ರಿ ತೆಗೆದಿಡಬೇಕು, ಟೀಚರ್ ಹೇಳಿದ್ದು ನೆನಪಿರಲಿ. ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್ ತಪ್ಪಿಸಬೇಡಿ. ಮುಂದಿನದು ಕೊಯ್ಲಿನ ಮಧ್ಯೆ ಬರುತ್ತೆ ಅಲ್ವಾ, ಭಾನುವಾರ ಬೆಳಿಗ್ಗೆ ನೋಡೋರು ಇದಾರಾ ಅಂತ ಈಗಲೇ ಕೇಳಿ ಹೆಸರು ಬರೆಸಿ.

ಸಕಲೇಶಪುರದ ಮಗಳು

ಬರೆಸಿದೆ ಡಾಕ್ಟ್ರೇ. ಎರಡು ಹೆಸರು, ಅಮ್ಮಂದೂ ಸೇರಿ.